ಇಲ್ಲಿ ಸಿಳ್ಳೆ ಹಾಕಬಾರದು

ಆ ಊರಿನವರಿಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ. ಬೇರೆ ಊರುಗಳಲ್ಲಿ ನಾಲಗೆ ಮಡಚಿ, ಬಾಯಿಗೆ ಬೆರಳು ತೂರಿಸಿ, ಬೀದಿಗೆ ಬೀದಿಯೇ ಬೆಚ್ಚಿಬೀಳುವಂತೆ ಸಿಳ್ಳೆ ಹೊಡೆಯುವ ವಿದ್ಯೆ ಗಂಡುಹುಡುಗರಿಗೆ ಮೀಸೆಗಿಂತ ಮೊದಲೇ ಬಂದುಬಿಡುತ್ತದೆ. ಇಲ್ಲಿ ಮಗು ತುಟಿ ಚೂಪು ಮಾಡಿದರೆ ಸಾಕು, ಅಮ್ಮ ಬಾಯಿಯ ಮೇಲೆ ಪಟ್ಟನೆ ಒಂದು ಬಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ ಈಗಿನ ಅಮ್ಮಂದಿರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಬಾಯಿಗೂ ಅವರಮ್ಮ ಹಾಗೇ ಬಿಟ್ಟಿದ್ದಳು, ಅಷ್ಟೇ.

ಕಾರಣ ಊರಂಚಿನ ನಾಟಕದ ಮನೆಯಲ್ಲಿತ್ತು. ಅಲ್ಲಿ ಪರದೆಗಳನ್ನು ಇಳಿಸುವುದು, ಏರಿಸುವುದು ಎಲ್ಲ ಸಿಳ್ಳೆಯ ಮೇಲೆ ನಡೆಯುತ್ತಿತ್ತು. ರಂಗದ ಪಕ್ಕದಲ್ಲಿ, ಎರಡಾಳು ಎತ್ತರಕ್ಕೆ ಒಂದು ಮರದ ಅಟ್ಟಣಿಗೆ. ಹಗ್ಗ ಹಿಡಿಯುವವನ ಜಾಗ ಅದು. ಅಲ್ಲಿಂದ ಅವನಿಗೆ ರಂಗ ಕಾಣುವುದಿಲ್ಲ, ಅಡ್ಡಲಾಗಿ ಇಟ್ಟಿಗೆಯ ಗೋಡೆ. ಕೆಳಗಿನಿಂದ ಒಂದು ಗಿಡ್ಡ ಸಿಳ್ಳೆ ಬಂದರೆ ಕೈಯಲ್ಲಿದ್ದ ಹಗ್ಗ ಬಿಡಬೇಕು. ಬಿಟ್ಟರೆ, ಮೇಲೆ ಕಟ್ಟಿಟ್ಟ ಬಣ್ಣದ ಪರದೆ ತನ್ನ ತಳದ ಮರದ ದಿಂಡಿನ ಭಾರಕ್ಕೆ ಒಂದೇ ಏಟಿಗೆ ಇಳಿದುಬಂದು, ಹಗ್ಗದ ಗಂಟು ಸಿಕ್ಕಿಕೊಂಡು, ನೆಲಕ್ಕೆ ಒಂದು ಗೇಣು ಇರುವಾಗ ಗಕ್ಕನೆ ನಿಲ್ಲುತ್ತಿತ್ತು. ಅರಮನೆ ಇದ್ದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಡು. ಸುತ್ತಲಿನ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದದ್ದು ಕಥೆಗಲ್ಲ, ಆ ಕಾಡು ಬೀಳುವ ಚಂದ ನೋಡಲಿಕ್ಕೆ. ಹಗ್ಗದವನು ಸಿಳ್ಳೆ ಕೇಳಿದ ಮೇಲೆ ಯೋಚನೆ ಮಾಡುವ ಹಾಗಿಲ್ಲ. ಯೋಚಿಸಿದರೆ ಕಾಡು ತಡವಾಗುತ್ತದೆ, ಜನ ನಗುತ್ತಾರೆ. ಹಾಗಾಗಿ ಎಷ್ಟೇ ಖುಷಿಯಾದರೂ ನೋಡುವವರು ಚಪ್ಪಾಳೆ ತಟ್ಟಬೇಕೇ ಹೊರತು ಸಿಳ್ಳೆ ಹಾಕುವ ಹಾಗಿರಲಿಲ್ಲ. ಬಾಗಿಲ ಮೇಲೆ ಇಷ್ಟುದ್ದದ ಹಲಗೆ ಬೇರೆ: ಇಲ್ಲಿ ಸಿಳ್ಳೆ ಹಾಕಬಾರದು. ಹಾಕಿದವನನ್ನು ಕಿವಿ ಹಿಡಿದು ಹೊರಗೆ ದಬ್ಬುತ್ತಿದ್ದರು, ಅವನು ಊರ ಸಾಹುಕಾರನ ಅಳಿಯನಾದರೂ ಸರಿ.

ಆ ಅಟ್ಟಣಿಗೆಯ ಮೇಲೆ ಹರೆಯದಿಂದ ಮುದಿತನದ ಬಾಗಿಲವರೆಗೆ ನಿಂತವನು, ಊರಿನ ಬಟ್ಟೆ ಹೊಲಿಯುವ ಟೈಲರಮ್ಮನ ಅಪ್ಪ. ಊರಿಗೆಲ್ಲ ಹಗ್ಗದಜ್ಜ. ನಾಟಕದ ಮನೆ ಮುಚ್ಚಿದಾಗ ಅವನ ಕೈಗೆ ಬೇರೆ ಯಾವ ಕೆಲಸವೂ ಹಿಡಿಸಲಿಲ್ಲ. ಅದೇ ಕಟ್ಟಡವನ್ನು ಯಾರೋ ಗೊಬ್ಬರದ ಚೀಲ ತುಂಬುವ ಗೋದಾಮು ಮಾಡಿಕೊಂಡರು, ಅವನು ಅದರ ಕಾವಲುಗಾರನಾದ. ಗೋದಾಮೂ ಮುಚ್ಚಿತು. ಆಮೇಲೆ ಮನೆಯ ಜಗಲಿಯ ಮೇಲೆ ಕೂತ. ಕೂತ ಎಂದರೆ ಕೂತೇಬಿಟ್ಟ. ಊಟಕ್ಕೆ ಕರೆದರೆ ಬಂದ, ಕರೆಯದಿದ್ದರೆ ಇಲ್ಲ. ಒಂದು ಮಾತಿಗೆ ಹತ್ತು ಸಲ ಕೇಳಿದರೆ ಒಂದು ಹೂಂ. ತೊಡೆಯ ಮೇಲೆ ಮಲಗಿದ ಎರಡು ಕೈ ಮಾತ್ರ ಏನನ್ನೋ ಹಿಡಿದು ಬಿಡುತ್ತಿದ್ದವು. ಮದುವೆಯ ಗೋಜಿಗೆ ಹೋಗದೆ ಹೊಲಿಗೆ ಯಂತ್ರವನ್ನೇ ಕಟ್ಟಿಕೊಂಡ ಮಗಳು ಒಳಗಿನಿಂದ ಅದನ್ನು ನೋಡುತ್ತಿದ್ದಳು. ಜೀವಂತ ಇರುವ ಅಪ್ಪನನ್ನು ದಿನಾ ಕಳೆದುಕೊಳ್ಳುವ ಸಂಕಟ ಏನೆಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾಟಕದ ಮನೆಯನ್ನು ಮತ್ತೆ ತೆರೆಯೋಣ ಎಂದು ಮೊದಲು ಬಾಯಿಬಿಟ್ಟವಳು ಅವಳೇ. ಊರಿಗೆ ಒಂದು ಒಳ್ಳೆಯ ಜಾಗ ಬೇಕು, ಮಕ್ಕಳಿಗೆ ಹಾಡು, ಚಿತ್ರ, ಕುಣಿತ ಕಲಿಸಬೇಕು, ಹೆಂಗಸರಿಗೆ ಹೊಲಿಗೆ ಹೇಳಿಕೊಡಬೇಕು ಎಂದೆಲ್ಲ ಅವಳು ಹೇಳಿದ್ದು ಸುಳ್ಳೇನಲ್ಲ. ಆದರೆ ಹೇಳದೆ ಉಳಿಸಿಕೊಂಡ ನಿಜವೇ ದೊಡ್ಡದು. ಅವಳಿಗೆ ಅಪ್ಪನ ಕೈಗೆ ಹಗ್ಗ ಕೊಡಬೇಕಿತ್ತು.

ಮೊದಲು ಜನ ಮೂಗು ಮುರಿದರು. ಬಾವಲಿಗಳಿಗೆ ನಾಟಕ ತೋರಿಸುತ್ತೀಯಾ ಎಂದು ಚಹದಂಗಡಿಯಲ್ಲಿ ಕೂತವರು ಹಲ್ಲು ಕಿರಿದರು. ಕೆಲಸ ಮಾಡದವರ ಬಾಯಿಗೆ ಯಾವ ಊರಲ್ಲೂ ರಜೆ ಇರುವುದಿಲ್ಲ. ಕೆಲಸ ಮಾಡುವವರು ಮಾತ್ರ ಒಬ್ಬೊಬ್ಬರಾಗಿ ಬಂದರು. ನಿವೃತ್ತರಾಗಿ ಮನೆಯಲ್ಲಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಬಂದರು. ಬಡಗಿ ಬಂದ. ಅವನು ಮಾತಿಗೆ ಜಿಪುಣ, ಮುಖ ಸದಾ ಗಂಟು. ಹರೆಯದಲ್ಲಿ ದೂರದ ಊರುಗಳಲ್ಲಿ ಮರಗೆಲಸ ಮಾಡಿ ತಿರುಗಿ ಬಂದವನು. ಅವನ ಒಬ್ಬಳೇ ಮಗಳಿಗೆ ಹಾಡಿನ ಹುಚ್ಚು. ಆ ಹುಚ್ಚಿಗಾಗಿ ಅವನು ಗೆದ್ದಲು ತಿಂದ ರಂಗದ ಹಲಗೆಗಳನ್ನೆಲ್ಲ ಕಿತ್ತು ಹೊಸದಾಗಿ ಹಾಸಿದ.

ಯಾರ ಮುಂದೆಯೂ ಕೈಚಾಚಬಾರದು, ಕಟ್ಟಡ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂಬುದು ಟೈಲರಮ್ಮನ ಹಟ. ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಫಲಕಗಳು ಕೂತವು. ಮಾಡಿನ ನೀರು ಹಿತ್ತಲಿನ ತೊಟ್ಟಿಗೆ ಬಂತು. ಹಿಂದೆ ವೇಷ ಕಟ್ಟುತ್ತಿದ್ದ ಕೋಣೆಯಲ್ಲಿ ಅವಳ ಹೊಲಿಗೆ ತರಗತಿ, ಜಗಲಿಯ ಮೇಲೆ ಮೇಷ್ಟ್ರ ಚಿತ್ರದ ತರಗತಿ, ಹಿಂಬದಿಯಲ್ಲಿ ಬಡಗಿಯ ಕಾರ್ಖಾನೆ. ಜಾಗ ಬಳಸಿಕೊಂಡವರು ವಾರಕ್ಕೊಮ್ಮೆ ಅದನ್ನು ಗುಡಿಸಿ ಒರೆಸಿ ಕೊಡಬೇಕು. ಗೊಬ್ಬರದ ವಾಸನೆ ಹೋಗಲು ಗೋಡೆಗಳನ್ನು ಸುಣ್ಣ ಹಾಕಿ ಮತ್ತೆ ಮತ್ತೆ ತಿಕ್ಕಿದರು. ಅಷ್ಟಾದರೂ ಮೋಡದ ದಿನ ಆ ಘಾಟು ಮೂಲೆಯಿಂದ ಎದ್ದು ಬಂದು, ನಾನೂ ಇಲ್ಲಿಯವನೇ ಎನ್ನುತ್ತಿತ್ತು.

ಕಾಡಿನ ಪರದೆ ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಇಲಿ ತಿಂದಲ್ಲಿ ಟೈಲರಮ್ಮ ತೇಪೆ ಹಾಕಿದಳು, ತೇಪೆಯ ಮೇಲೆ ಮೇಷ್ಟ್ರು ಎಲೆ ಬಿಡಿಸಿದರು. ಅದನ್ನು ಮತ್ತೆ ಮೇಲೆ ಕಟ್ಟುವ ದಿನ ಹಗ್ಗದಜ್ಜನನ್ನು ಕರೆತಂದರು. ಅವನು ಹಗ್ಗ ಮುಟ್ಟಿದ, ಮೂಸಿದ, ಇದೇನು ಹಗ್ಗವೋ ಹಸುವಿನ ಬಾಲವೋ ಎಂದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಕುಚೋದ್ಯ ಅದು. ಅವತ್ತು ರಾತ್ರಿ ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡ. ಮಗಳು ಸೌಟು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ತಕರಾರು ಬಂದದ್ದು ಮೇಷ್ಟ್ರಿಂದ. ಮಕ್ಕಳು ಮರಿ ಓಡಾಡುವ ಜಾಗದಲ್ಲಿ ಸಿಳ್ಳೆ ನಂಬಿಕೊಂಡು ಅಷ್ಟು ಭಾರದ ದಿಂಡು ಬಿಡುವುದು ಸರಿಯಲ್ಲ, ಒಂದು ಮೋಟಾರು ಹಾಕಿಬಿಡೋಣ, ಗುಂಡಿ ಒತ್ತಿದರೆ ಮೆಲ್ಲಗೆ ಇಳಿಯುತ್ತದೆ ಎಂದರು. ಮಾತು ನ್ಯಾಯವಾದದ್ದೇ. ಆದರೆ ಟೈಲರಮ್ಮನಿಗೆ ಜಗಲಿಯ ಮೇಲೆ ಕೂತ ಅಪ್ಪ ಕಣ್ಣಮುಂದೆ ಬಂದ. ಅವಳು ಬಿಡಲಿಲ್ಲ. ಸಿಳ್ಳೆ ಬೇಡ, ಅಟ್ಟಣಿಗೆಯ ಗೋಡೆಗೆ ಒಂದು ಹಸಿರು ಬಲ್ಬು ಹಾಕೋಣ, ಬಲ್ಬು ಹತ್ತಿದರೆ ಅಪ್ಪ ಹಗ್ಗ ಬಿಡುತ್ತಾನೆ, ನಾನು ಕಲಿಸುತ್ತೇನೆ, ಜವಾಬ್ದಾರಿ ನನ್ನದು ಎಂದಳು. ಕಟ್ಟಡವನ್ನೇ ಎಬ್ಬಿಸಿ ನಿಲ್ಲಿಸಿದವಳ ಮಾತು. ಎಲ್ಲರೂ ತಲೆಯಾಡಿಸಿದರು.

ಅಜ್ಜ ಬಲ್ಬಿಗೆ ಮೊದಮೊದಲು ಬೈದ. ಕಣ್ಣಿಗೂ ಕೈಗೂ ಏನು ಸಂಬಂಧ, ಕಿವಿಗೂ ಕೈಗೂ ಸಂಬಂಧ ಎಂದ. ಆಮೇಲೆ ಮಗಳ ಮುಖ ನೋಡಿ ಕಲಿತ. ದಿನಾ ಸಂಜೆ ಅಭ್ಯಾಸ ನಡೆಯಿತು. ಬಲ್ಬು ಹತ್ತಿತು, ಕಾಡು ಬಿತ್ತು. ಒಂದು ಸಲವೂ ತಪ್ಪಲಿಲ್ಲ. ಮೇಷ್ಟ್ರೇ ಭೇಷ್ ಎಂದರು.

ಅಷ್ಟರಲ್ಲಿ ಟೈಲರಮ್ಮ ಒಂದು ಕುಕ್ಕರ್ ತಂದಳು. ಈಗ ಹಗಲೆಲ್ಲ ನಾಟಕದ ಮನೆಯಲ್ಲೇ ಕೆಲಸ, ಪಾತ್ರೆಯಲ್ಲಿ ಅನ್ನ ಬೇಯಿಸಿಕೊಂಡು ಕೂರಲು ಪುರುಸೊತ್ತಿಲ್ಲ. ಅಲ್ಲಿಯವರೆಗೆ ಆ ಮನೆಗೆ ಕುಕ್ಕರ್ ಬಂದಿರಲಿಲ್ಲ. ಅಮ್ಮ ಇದ್ದಾಗಲೇ ಬೇಡ ಎಂದಿದ್ದಳು, ಯಾಕೆ ಎಂದು ಮಗಳು ಕೇಳಿರಲಿಲ್ಲ. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಹ ಕುಡಿಯುತ್ತಿದ್ದ. ಕುಕ್ಕರ್ ಒಮ್ಮೆ ಕೂಗಿತು. ಅವನ ಕೈಯ ಹತ್ತೂ ಬೆರಳು ಒಟ್ಟಿಗೆ ಬಿಚ್ಚಿಕೊಂಡವು. ಲೋಟ ನೆಲಕ್ಕೆ ಬಿತ್ತು. ಕಾಲ ಮೇಲೆ ಬಿಸಿ ಚಹ ಚೆಲ್ಲಿದ್ದು ಅವನಿಗೆ ಆಮೇಲೆ ಗೊತ್ತಾಯಿತು.

“ಕೈ ಜಾರಿತು” ಎಂದ.

“ಹೋಗಲಿ ಬಿಡಪ್ಪ” ಎಂದು ಅವಳು ಬಟ್ಟೆ ತಂದು ನೆಲ ಒರೆಸಿದಳು.

ಜಾರಿದ ಕೈ ಹೇಗಿರುತ್ತದೆ, ಬಿಟ್ಟ ಕೈ ಹೇಗಿರುತ್ತದೆ ಎಂದು ಆ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕುಕ್ಕರಿನ ಸದ್ದಿಗೆ ಯಾರಾದರೂ ಬೆಚ್ಚುತ್ತಾರೆ. ಊರಲ್ಲಿ ಸಿಳ್ಳೆ ಹಾಕುವವರು ಯಾರಿದ್ದಾರೆ. ಬಲ್ಬು ಸರಿಯಾಗಿಯೇ ನಡೆಯುತ್ತಿದೆ. ಹೀಗೆ ಹೊಲಿಗೆ ಬಿಟ್ಟಲ್ಲೆಲ್ಲ ಒಂದೊಂದು ಟಾಕು ಹಾಕುತ್ತ ಹೋದಳು. ಕುಕ್ಕರನ್ನು ತೊಳೆದು ಅಟ್ಟಕ್ಕೆ ಹಾಕಿದಳು, ಯಾರಿಗೂ ಹೇಳಲಿಲ್ಲ.

ಆದರೆ ಒಬ್ಬ ಮನುಷ್ಯ ನೇರವಾಗಿ ಬಂದು ಕೇಳಿದ. ಅವನು ಕೋಡಂಗಿ ಮಾವ. ಹಳೆಯ ನಾಟಕಗಳಲ್ಲಿ ಜನರ ಹೊಟ್ಟೆ ಹುಣ್ಣಾಗಿಸುತ್ತಿದ್ದ ವಿದೂಷಕ, ಅಪ್ಪನ ಜೀವದ ಗೆಳೆಯ. ಸಂಬಂಧದಲ್ಲಿ ಏನೂ ಅಲ್ಲದಿದ್ದರೂ ಅವಳಿಗೆ ಮಾವ, ಅವನ ಹೆಂಡತಿ ಅತ್ತೆ. ಚಿಕ್ಕಂದಿನಲ್ಲಿ ಅವಳು ಅರ್ಧ ದಿನ ಬೆಳೆದದ್ದೇ ಅತ್ತೆಯ ಅಡುಗೆಮನೆಯಲ್ಲಿ. ಹಲ್ಲುಗಳೆಲ್ಲ ಹೋಗಿದ್ದರೂ ಮಾವನ ನಾಲಗೆ ಮೊಂಡಾಗಿರಲಿಲ್ಲ. ಮೊದಲ ನಾಟಕದಲ್ಲಿ ಬಡಗಿಯ ಮಗಳ ಜೊತೆ ಅವನೂ ರಂಗಕ್ಕೆ ಬರುವುದೆಂದು ತೀರ್ಮಾನವಾಗಿತ್ತು. ಹುಡುಗಿ ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರಿ, ಇವನು ಅವಳಿಗಿಂತ ಹೆಚ್ಚು ದಾರಿ ತಪ್ಪಿದ ಮಾರ್ಗದರ್ಶಿ.

ಒಂದು ಮಧ್ಯಾಹ್ನ ಅವನು ಹೊಲಿಗೆ ಕೋಣೆಗೆ ಬಂದು, ತನ್ನ ಚಲ್ಲಣದ ಅಳತೆ ಕೊಡುವ ನೆಪದಲ್ಲಿ ಬಾಗಿಲು ಮುಂದೆ ಮಾಡಿದ. ಸೊಂಟಕ್ಕೆ ಟೇಪು ಸುತ್ತುತ್ತಿದ್ದಾಗ, ಹೊಟ್ಟೆ ಎಲ್ಲಿ ಹೋಯ್ತು ಮಾವ ಎಂದು ಅವಳು ರೇಗಿಸಿದಳು. ನಿನ್ನತ್ತೆ ತಿಂದುಬಿಟ್ಟಳು ಎಂದ. ಆಮೇಲೆ ನಗು ನಿಲ್ಲಿಸಿದ.

“ಮಗಳೇ, ಒಂದು ಮಾತು. ನಿನ್ನಪ್ಪನ ಕೈ ನನಗೆ ಗೊತ್ತು. ಆ ಕೈ ಸಿಳ್ಳೆ ಮರೆತಿದೆಯಾ?”

ಅವಳು ಟೇಪನ್ನೇ ನೋಡುತ್ತಿದ್ದಳು.

“ಅವನನ್ನ ಕೇಳಿದರೆ ಮರೆತಿದ್ದೀನಿ ಅಂತಾನೆ. ಹಗ್ಗಕ್ಕೋಸ್ಕರ ಅವನು ಏನು ಬೇಕಾದ್ರೂ ಹೇಳ್ತಾನೆ. ಅದಕ್ಕೆ ನಿನ್ನನ್ನ ಕೇಳ್ತಿದ್ದೀನಿ. ನನ್ನದೇನು, ಬದುಕಿದ್ದಾಯ್ತು. ಆ ಹುಡುಗಿ ಇರ್ತಾಳೆ ಪಕ್ಕದಲ್ಲಿ. ನೀನು ಹೂಂ ಅಂದ್ರೆ ಸಾಕು.”

“ಮರೆತಿದ್ದಾನೆ ಮಾವ” ಎಂದಳು ಟೈಲರಮ್ಮ. “ನಾನೇ ನೋಡಿದ್ದೀನಲ್ಲ.”

ಅವನು ಅವಳ ತಲೆ ಸವರಿ, ಚಲ್ಲಣಕ್ಕೆ ಜೇಬು ಇಡು, ಪ್ರೇಕ್ಷಕರು ಎಸೆದ ಟೊಮ್ಯಾಟೊ ತುಂಬಿಕೊಳ್ಳಬೇಕು ಎಂದು ಹೇಳಿ ಹೋದ.

ಸುಳ್ಳಿಗೆ ಒಂದು ಚಟ ಇದೆ, ಒಂಟಿಯಾಗಿ ಇರಲಾರದು. ಬಾಗಿಲ ಮೇಲಿನ ಹಳೆಯ ಹಲಗೆಯನ್ನು ಏನು ಮಾಡುವುದು ಎಂಬ ಮಾತು ಬಂದಾಗ ಬಡಗಿ ಅದಕ್ಕೆ ಬಣ್ಣ ಹೊಡೆದು ಇಡೋಣ ಎಂದ. ಇರಲಿ ಎಂದು ಟೈಲರಮ್ಮ ಹೇಳಬಹುದಿತ್ತು. ಆದರೆ ಹಲಗೆ ಇದ್ದರೆ ನಾಲ್ಕು ಜನ ಯಾಕೆ ಎಂದು ಕೇಳುತ್ತಾರೆ, ಅಪ್ಪನ ಕೈಯ ಮೇಲೆ ಇನ್ನೂ ಅನುಮಾನ ಇದೆ ಎಂದು ತಾನೇ ಒಪ್ಪಿಕೊಂಡಂತೆ ಆಗುತ್ತದೆ. ಈಗ ಬಲ್ಬು ಇದೆ, ಬಂದವರನ್ನು ಬಾಗಿಲಲ್ಲೇ ಗದರಿಸುವ ಹಲಗೆ ಯಾಕೆ, ಜನ ಖುಷಿಯಾಗಿರಲಿ ಎಂದಳು. ಬಡಗಿ ಹಲಗೆ ಇಳಿಸಿ ಕಟ್ಟಿಗೆಯ ರಾಶಿಗೆ ಹಾಕಿದ. ಇನ್ನು ನಾಟಕದ ಮನೆಯಲ್ಲಿ ಸಿಳ್ಳೆ ಹಾಕಬಹುದಂತೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತು. ಮುದುಕರೂ ಬೀದಿಯಲ್ಲಿ ತುಟಿ ಚೂಪು ಮಾಡಿ ಬರೀ ಗಾಳಿ ಬಿಟ್ಟು ನಕ್ಕರು.

ಮೊದಲ ಆಟ ಒಂದು ಭಾನುವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ ಶುರುವಾಯಿತು. ಕೂರಲು ಜಾಗವಿಲ್ಲದೆ ಜನ ಕಿಟಕಿಯ ಮೇಲೆ ಹತ್ತಿದ್ದರು. ಬಾವಲಿಯ ಜೋಕು ಮಾಡಿದವರೇ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಟೈಲರಮ್ಮ ರಂಗದ ಮಗ್ಗುಲಲ್ಲಿ ಬಲ್ಬಿನ ಗುಂಡಿಯ ಹತ್ತಿರ ನಿಂತಿದ್ದಳು. ಗುಂಡಿಯನ್ನು ಬೇರೆ ಯಾರಿಗೂ ಅವಳು ಬಿಟ್ಟುಕೊಟ್ಟಿರಲಿಲ್ಲ.

ಹುಡುಗಿ ರಂಗದ ನಡುವೆ ಬಂದು ಹಾಡಿದಳು. ಸಣ್ಣ ದನಿ, ಆದರೆ ಎಲ್ಲೂ ನಡುಗಲಿಲ್ಲ. ಅವಳ ಹಿಂದೆ ಕೋಡಂಗಿ ಮಾವ ಚಲ್ಲಣ ಎಳೆದುಕೊಳ್ಳುತ್ತ ಬಂದು, ಇತ್ತ ನೋಡಿ, ಅತ್ತ ನೋಡಿ, ಕಾಡು ಇನ್ನೂ ಬಂದಿಲ್ಲ, ನಾವು ಆಗಲೇ ದಾರಿ ತಪ್ಪಿಬಿಟ್ಟೆವಲ್ಲ ತಾಯಿ ಎಂದ. ಮಾಡು ಹಾರಿಹೋಗುವ ಹಾಗೆ ಜನ ನಕ್ಕರು. ಮುಂದಿನ ಮಾತಿಗೆ ಕಾಡು ಬೀಳಬೇಕು. ಆ ಮಾತು ಹೇಳುತ್ತ ಇಬ್ಬರೂ ಮೂರು ಹೆಜ್ಜೆ ಮುಂದೆ ಬರಬೇಕು, ಆಗ ಬಲ್ಬು. ಗೂಟದಿಂದ ಹಗ್ಗ ಬಿಚ್ಚಿಕೊಂಡು ಅಜ್ಜ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

ಹುಡುಗಿ ಹಾಡಿನ ಕೊನೆಯ ಸಾಲನ್ನು ಮೇಲೆತ್ತಿದಳು. ಆಗ ಸಭೆಯ ನಡುವಿನಿಂದ ಒಂದು ಸಿಳ್ಳೆ ಎದ್ದಿತು. ಗಿಡ್ಡದು, ಚೂಪಾದದ್ದು. ಹಾಕಿದವನು ಬಡಗಿ. ಹರೆಯದಲ್ಲಿ ಪರ ಊರಲ್ಲಿ ಕಲಿತು ಇಷ್ಟು ವರ್ಷ ಬಾಯೊಳಗೆ ಬಚ್ಚಿಟ್ಟುಕೊಂಡಿದ್ದ ಸಿಳ್ಳೆಯನ್ನು ಆ ಗಂಟುಮುಖದ ಮನುಷ್ಯ ಮಗಳ ಮೇಲಿನ ಹೆಮ್ಮೆಯಿಂದ ಹಾಕಿಬಿಟ್ಟಿದ್ದ.

ಮುಂದಿನದ್ದು ನೋಡಿದವರಿಗೂ ಸರಿಯಾಗಿ ಹೇಳಲು ಬರುವುದಿಲ್ಲ, ಅಷ್ಟು ಬೇಗ ಆಯಿತು. ಮೇಲಿನ ಕೈ ಸಿಳ್ಳೆ ಮರೆತಿರಲಿಲ್ಲ. ಕೆಳಗಿನ ಕಾಲೂ ಮರೆತಿರಲಿಲ್ಲ. ಹಳೆಯ ನಟರಿಗೆ ಸಿಳ್ಳೆ ಕೇಳಿದರೆ ಮುಂದಕ್ಕೆ ಜಿಗಿಯುವುದು ಉಸಿರಾಟದಷ್ಟು ಅಭ್ಯಾಸ. ಮಾವ ಜಿಗಿಯಬಹುದಿತ್ತು, ಜಿಗಿದಿದ್ದರೆ ಬದುಕುತ್ತಿದ್ದ. ಆದರೆ ಹುಡುಗಿ ನಿಂತಲ್ಲೇ ನಿಂತಿದ್ದಳು, ಅವಳಿಗೆ ಸಿಳ್ಳೆ ಎಂದರೆ ಬರೀ ಸಿಳ್ಳೆ. ಅವನು ಅವಳತ್ತ ತಿರುಗಿ ಎರಡೂ ಕೈಯಿಂದ ಅವಳನ್ನು ಮುಂದಕ್ಕೆ ದಬ್ಬಿದ. ಅವಳು ಜನರ ಮಡಿಲಿಗೆ ಹೋಗಿ ಬಿದ್ದಳು. ಅವನ ಮೇಲೆ ಕಾಡು ಬಿತ್ತು.

ಜನ ಇದೂ ಆಟವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅದು ಜೋರಾದ ಚಪ್ಪಾಳೆ. ಅತ್ತೆ ಎದ್ದು ನಿಂತ ಮೇಲೆ ನಿಂತಿತು.

ಟೈಲರಮ್ಮನ ಬೆರಳು ಒತ್ತದ ಗುಂಡಿಯ ಮೇಲೆಯೇ ಇತ್ತು. ಆಗ ಮೇಲಿನಿಂದ ಅಪ್ಪನ ದನಿ ಕೇಳಿತು. ಚಪ್ಪಾಳೆ ಕೇಳಿದ ಖುಷಿ ಅದರಲ್ಲಿತ್ತು.

“ಮಗಳೇ, ಸರಿಯಾಗಿ ಬಿತ್ತಾ?”

ಅವಳು ತಲೆ ಎತ್ತಿ ನೋಡಿದಳು. ಗೋಡೆಯ ಆಚೆ ಅವನಿಗೆ ಏನೂ ಕಾಣುವುದಿಲ್ಲ. “ಬಿತ್ತಪ್ಪ” ಎಂದಳು. “ನೀನು ಅಲ್ಲೇ ಇರು. ಇಳೀಬೇಡ.”

ಇಳಿಯದೆ ಎಷ್ಟು ಹೊತ್ತು ಇರುತ್ತಾನೆ. ಅಳುವುದು ಕೇಳಿ ಇಳಿದು ಬಂದ. ದಿಂಡು ಎತ್ತುತ್ತಿದ್ದವರ ನಡುವೆ ನುಗ್ಗಿ, ಗೆಳೆಯನ ಚಲ್ಲಣದ ಜೇಬು ನೋಡಿದ, ಮುಖ ನೋಡಲಿಲ್ಲ. ಆಮೇಲೆ ತನ್ನ ಎರಡು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೂಲೆಗೆ ಹೋಗಿ ಕೂತ.

ಪೊಲೀಸರು ಬಂದರು, ಎಲ್ಲರ ಹೇಳಿಕೆ ಪಡೆದರು, ಆಕಸ್ಮಿಕ ಎಂದರು. ಬಡಗಿ ತನ್ನನ್ನು ಹಿಡಿದುಕೊಂಡು ಹೋಗಿ ಎಂದು ಅವರ ಕಾಲು ಕಟ್ಟಿದ. ಅವನ ಬಾಯಿಗೆ ಬೀಗ ಬಿದ್ದದ್ದು ಅವತ್ತು. ಈಗಲೂ ಮಗಳ ಹತ್ತಿರ ಕೂಡ ಕೈಸನ್ನೆಯಲ್ಲೇ ಮುಗಿಸುತ್ತಾನೆ. ಹುಡುಗಿ ಮತ್ತೆ ಹಾಡಲಿಲ್ಲ.

ಕೆಲವು ದಿನ ಕಳೆದು, ಕಟ್ಟಡದ ಗತಿ ಏನು ಎಂದು ತೀರ್ಮಾನಿಸಲು ಊರವರೆಲ್ಲ ಅಲ್ಲೇ ಸೇರಿದರು. ಬೀಗ ಹಾಕಿಬಿಡಿ ಎಂದು ಅರ್ಧ ಜನ. ಮಕ್ಕಳ ತರಗತಿಯಾದರೂ ನಡೆಯಲಿ ಎಂದು ಉಳಿದರ್ಧ. ಮಾತು ತಿರುಗಿ ತಿರುಗಿ ಒಂದೇ ಕಡೆ ಬಂತು. ಟೈಲರಮ್ಮನಿಗೆ ಗೊತ್ತಿತ್ತಾ? ಗೊತ್ತಿದ್ದೂ ಅಪ್ಪನನ್ನು ಹತ್ತಿಸಿದಳಾ? ಅತ್ತೆ ಹೆಂಗಸರ ನಡುವೆ ಕೂತಿದ್ದರು, ಅವರು ಏನೂ ಕೇಳಲಿಲ್ಲ. ಟೈಲರಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತ.

“ನನ್ನ ಕೈ ಸಿಳ್ಳೆ ಮರೆತಿಲ್ಲ ಅಂತ ನನಗೆ ಗೊತ್ತಿತ್ತು. ಹಗ್ಗದಾಸೆಗೆ ಮುಚ್ಚಿಟ್ಟೆ. ಮಗಳಿಗೆ ಗೊತ್ತಿರಲಿಲ್ಲ. ಅವಳ ಮೇಲೆ ಯಾರೂ ಬೆರಳು ತೋರಿಸಬೇಡಿ.”

ಇಷ್ಟು ಹೇಳಿ ಕೂತ. ಸಭೆ ಅವನ ಕಡೆ ಉಗಿಯುವ ಹಾಗೆ ನೋಡಿತು. ಜೀವಮಾನವೆಲ್ಲ ಹಗ್ಗದಜ್ಜ ಎಂದು ತಲೆಯ ಮೇಲೆ ಕೂರಿಸಿಕೊಂಡಿದ್ದ ಜನ, ಅವನ ಪಕ್ಕದ ಬೆಂಚು ಖಾಲಿ ಮಾಡಿ ಆ ಕಡೆ ಸರಿದರು. ಮಗಳು ಎದ್ದು ಇಲ್ಲ ಎನ್ನಬೇಕಿತ್ತು. ಏಳಲಿಲ್ಲ. ಈಗ ಎದ್ದರೆ ಕಟ್ಟಡಕ್ಕೆ ಬೀಗ, ಇಷ್ಟು ಜನರ ದುಡಿಮೆ ಮಣ್ಣುಪಾಲು ಎಂದು ಅವಳು ತನಗೆ ಹೇಳಿಕೊಂಡಳು. ಅದು ನೆಪ. ಅವಳಿಗೆ ಭಯವಾಗಿತ್ತು, ಅಷ್ಟೇ ನಿಜ. ಅವಳು ತಲೆ ತಗ್ಗಿಸಿ ಕೂತಳು, ಜನ ಅದನ್ನು ದುಃಖ ಎಂದು ತಿಳಿದರು.

ನಾಟಕದ ಮನೆ ಉಳಿಯಿತು. ಮೋಟಾರು ಬಂತು. ಹಳೆಯ ಹಲಗೆಗೆ ಬಣ್ಣ ಬಳಿದು ಮತ್ತೆ ಬಾಗಿಲ ಮೇಲೆ ಹೊಡೆದರು, ಈಗ ಅದರ ಅಗತ್ಯ ಯಾರಿಗೂ ಇರಲಿಲ್ಲ. ಮಕ್ಕಳು ಚಿತ್ರ ಬರೆದರು, ಹೆಂಗಸರು ಹೊಲಿದರು, ಮಾಡಿನ ಮೇಲೆ ಬಿಸಿಲು ಕರೆಂಟಾಯಿತು. ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಅಪ್ಪ ಮತ್ತೆ ಜಗಲಿಯ ಮೇಲೆ ಕೂತ. ಈಗ ಕೈಗಳನ್ನು ತೊಡೆಯ ಮೇಲೆ ಬಿಡುತ್ತಿರಲಿಲ್ಲ, ಕಂಕುಳಲ್ಲಿ ಸಿಕ್ಕಿಸಿಕೊಂಡೇ ಇರುತ್ತಿದ್ದ. ಒಂದು ದಿನ ಮಗಳು ತುತ್ತು ಕಲಸಿ ಕೊಡುತ್ತಿದ್ದಾಗ ಅವನಾಗಿಯೇ ಹೇಳಿದ. ಲೋಟ ಬಿದ್ದದ್ದು ಯಾಕೆ ಅಂತ ನಿನಗೆ ಅವತ್ತೇ ತಿಳಿದಿತ್ತು, ನನಗೆ ಗೊತ್ತು. ಅದು ನನ್ನ ಜೊತೆಗೇ ಹೋಗಲಿ. ನೀನು ಬಾಯಿ ಬಿಡಬೇಡ.

ಮಾವ ಸತ್ತ ಮೇಲೆ ಅತ್ತೆ ಇವರ ಮನೆಗೆ ಮೊದಲ ಸಲ ಬಂದದ್ದು ಇದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ. ಬೀದಿಯ ಕೊನೆಯ ಮನೆಯಿಂದ ಮಾವನ ವೇಷದ ಟ್ರಂಕನ್ನು ಯಾರ ಕೈಲೋ ಹೊರಿಸಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿ, ಹೊತ್ತವನನ್ನು ಕಳಿಸಿಕೊಟ್ಟರು. ಮನೆಯಲ್ಲಿಟ್ಟುಕೊಂಡು ನಾನೇನು ಮಾಡಲಿ, ನಾಟಕದ ಮನೆಯ ಮಕ್ಕಳು ಹಾಕಿಕೊಳ್ಳಲಿ ಎಂದರು. ಅವರನ್ನು ಕಂಡೊಡನೆ ಅಪ್ಪ ಜಗಲಿಯಿಂದ ಎದ್ದು ಸೇರಿಕೊಂಡಿದ್ದ ಒಳಕೋಣೆಯ ಕಡೆ ತಿರುಗಿ, ಅಣ್ಣ ಊಟ ಮಾಡ್ತಾರಾ ಎಂದು ವಿಚಾರಿಸಿದರು. ಕೊಂದವನನ್ನು ಅಣ್ಣ ಎಂದು ಕೇಳುವ ಆ ದನಿಗೆ ಟೈಲರಮ್ಮ ಟ್ರಂಕಿನ ಕಡೆ ಮುಖ ತಿರುಗಿಸಿದಳು.

ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿತು. ಗಂಜಿ ಚೆಲ್ಲಿ ಉರಿ ಚುಯ್ ಎಂದಿತು. ಅತ್ತೆ ಹಳೆಯ ಸಲಿಗೆಯಿಂದ ತಾವೇ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು, ಸೌಟು ಹಾಕಿದರು.

“ಈ ಕಾಲದಲ್ಲೂ ಪಾತ್ರೇಲಿ ಅನ್ನ ಮಾಡ್ತೀಯಲ್ಲೇ. ಒಂದು ಕುಕ್ಕರ್ ತಗೊಳ್ಳೋಕೆ ಆಗಲ್ವಾ?”

“ಇದೆ ಅತ್ತೆ. ಅಟ್ಟದ ಮೇಲಿದೆ.”

“ಮತ್ತೆ?”

“ಅದು ಕೂಗಿದ್ರೆ ಅಪ್ಪನ ಕೈ ಬಿಚ್ಚಿಕೊಳ್ಳುತ್ತೆ.”

ಅತ್ತೆ ಸೌಟು ಆಡಿಸುತ್ತ ಅಯ್ಯೋ ಪಾಪ ಎಂದರು. ಅವರ ಕಣ್ಣಲ್ಲಿ ನೀರು ಬಂತು. “ಎಂಥಾ ಪೆಟ್ಟು ಬಿತ್ತು ನೋಡು ಆ ಜೀವಕ್ಕೂ. ಅವತ್ತಿನಿಂದಾನಾ?”

ಹೂಂ ಎಂದರೆ ಸಾಕಿತ್ತು. ಮಾವ ಕೇಳಿದ್ದೂ ಒಂದು ಹೂಂ. ಒಳಕೋಣೆಯಲ್ಲಿ ಅಪ್ಪ ಕೆಮ್ಮಿದ. ಆ ಕೆಮ್ಮಿನ ಅರ್ಥ ಅವಳಿಗೆ ಗೊತ್ತಾಯಿತು, ಹೂಂ ಅಂದುಬಿಡು ಎಂದು.

“ಅಲ್ಲ ಅತ್ತೆ” ಎಂದಳು. “ಅದಕ್ಕೂ ಮೊದಲಿಂದ.”

ಸೌಟು ನಿಂತಿತು. ಅತ್ತೆ ತಿರುಗಲಿಲ್ಲ.

“ಅವರು ಬಂದು ಕೇಳಿದ್ರಲ್ಲ ನಿನ್ನನ್ನ. ಆಗಲೂ?”

“ಆಗಲೂ ಗೊತ್ತಿತ್ತು.”

ಅತ್ತೆ ಮೊದಲು ಉರಿ ಆರಿಸಿದರು. ಪಾತ್ರೆಗೆ ಮುಚ್ಚಳ ಹಾಕಿದರು, ಸೌಟು ತೊಳೆದು ಅದರ ಜಾಗದಲ್ಲಿ ಇಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದು ಟ್ರಂಕಿನ ಹಿಡಿ ಹಿಡಿದರು. ಅದು ಒಬ್ಬರಿಗೆ ಎತ್ತಲಾಗುವ ಭಾರವಲ್ಲ. ಎಳೆದ ರಭಸಕ್ಕೆ ಟ್ರಂಕು ಹೊಸ್ತಿಲಿಗೆ ಬಡಿದು, ಮೆಟ್ಟಿಲು ಇಳಿದು, ಬೀದಿಯ ಕಲ್ಲಿನ ಮೇಲೆ ಕರಕರ ಉಜ್ಜುತ್ತ ಹೋಯಿತು. ನಡುನಡುವೆ ಅವರು ದಣಿವಾರಿಸಿಕೊಳ್ಳಲು ನಿಂತಾಗ ಸದ್ದೂ ನಿಲ್ಲುತ್ತಿತ್ತು.

ಅಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ. “ಹೂಂ ಅಂದಿದ್ರೆ ಮುಗೀತಿತ್ತಲ್ಲ ಮಗಳೇ” ಎಂದ. ನಾಟಕದ ಮನೆಯ ಬೀಗದ ಕೈ ಅವಳ ಸೊಂಟದಲ್ಲಿ ಚುಚ್ಚುತ್ತಿತ್ತು, ಅದನ್ನು ತೆಗೆದು ಹೊಲಿಗೆ ಯಂತ್ರದ ಮೇಲೆ ಇಟ್ಟಳು. ಬೀದಿಯಲ್ಲಿ ಟ್ರಂಕಿನ ಸದ್ದು ಮತ್ತೆ ಶುರುವಾಯಿತು. ಎದ್ದು ಓಡಿಹೋಗಿ ಒಂದು ಕಡೆ ಹಿಡಿಯಬೇಕು ಎಂದು ಅವಳಿಗೆ ಜೀವ ಬಡಿದುಕೊಂಡಿತು. ಆದರೆ ಆ ಟ್ರಂಕಿಗೆ ಕೈ ಹಾಕುವ ಮುಖ ಅವಳಿಗೆ ಉಳಿದಿರಲಿಲ್ಲ.